ನೀವು ಕೇಳಿದಿರಿ: ಪೋಲೆಂಡಿನ ತಾಮ್ರ ಮತ್ತು ಅದರ ಜೊತೆಗೇ ಬಂದ ಬೆಳ್ಳಿ

ಹೋದ ಸಂಚಿಕೆಯಲ್ಲಿ ಬೆಳ್ಳಿ ಬೆಲೆಯ ಬಗ್ಗೆ ಬರೆಯುವಾಗ ಪೋಲೆಂಡಿನ ಲೂಬಿನ್ ತಾಮ್ರದ ಗಣಿಗಳಿಂದ ಬೆಳ್ಳಿಯೂ ಬರುತ್ತದೆ, ಆ ನಿಕ್ಷೇಪ ಪತ್ತೆಯಾದದ್ದು 1957ರಲ್ಲಿ ಅಂತ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಪತ್ರಗಳು ಬಂದಿದ್ದೆಲ್ಲ ಆ ಒಂದು ಸಾಲಿನ ಬಗ್ಗೆಯೇ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಒಂದೇ ತರದ ಪ್ರಶ್ನೆಗಳನ್ನು ಸೇರಿಸಿಕೊಂಡಿದ್ದೇನೆ.

ಪ್ರಶ್ನೆ: ಸರ್, ತಾಮ್ರದ ಗಣಿಯಲ್ಲಿ ಬೆಳ್ಳಿ ಹೇಗೆ ಬಂತು? ಎರಡೂ ಬೇರೆ ಬೇರೆ ಲೋಹ ಅಲ್ವಾ? — ಓದುಗರೊಬ್ಬರು, ದಾವಣಗೆರೆ

ಬೇರೆ ಲೋಹವೇ, ಆದರೆ ನಡತೆ ಹೆಚ್ಚುಕಮ್ಮಿ ಒಂದೇ. ಸಮುದ್ರದ ನೀರಿಗಿಂತ ಎಷ್ಟೋ ಪಟ್ಟು ಉಪ್ಪಾದ ಬಿಸಿನೀರು ಸಿಕ್ಕರೆ ಎರಡೂ ಉಪ್ಪಿನಲ್ಲಿರುವ ಕ್ಲೋರೈಡ್ ಜೊತೆ ಸೇರಿ ಕರಗುತ್ತವೆ, ನೀರು ಹೋದಲ್ಲೆಲ್ಲ ಹೋಗುತ್ತವೆ. ದಾರಿಯಲ್ಲಿ ಗಂಧಕ ಎದುರಾದರೆ ಅಲ್ಲೇ ಇಳಿದುಬಿಡುತ್ತವೆ. ಪೋಲೆಂಡಿನಲ್ಲಿ ಆದದ್ದು ಇಷ್ಟೇ. ಆದರೆ ಈ "ಇಷ್ಟೇ" ಆಗಬೇಕಾದರೆ ನೆಲದ ಕೆಳಗೆ ಎಷ್ಟೋ ಸಂಗತಿ ಒಂದಕ್ಕೊಂದು ಕೂಡಿ ಬರಬೇಕಾಯಿತು. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸುಮಾರು 26 ಕೋಟಿ ವರ್ಷಗಳ ಹಿಂದೆ ಇವತ್ತಿನ ಜರ್ಮನಿ, ಪೋಲೆಂಡ್ ಇರುವ ಜಾಗ ಮರುಭೂಮಿ. ಜ್ವಾಲಾಮುಖಿಗಳು ಉಗುಳಿದ ಕಲ್ಲು ಸವೆದು ಮರಳಾಗಿ, ಆ ಮರಳು ಗಾಳಿ ಬಿಸಿಲಿಗೆ ತುಕ್ಕು ಹಿಡಿದು ಕೆಂಪಾಗಿ, ನೂರಾರು ಮೀಟರ್ ದಪ್ಪಕ್ಕೆ ಒಟ್ಟಿತ್ತು. ಈ ನೆಲ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿತ್ತು. ಉತ್ತರದಿಂದ ಸಮುದ್ರ ನುಗ್ಗಿತು. ಭೂವಿಜ್ಞಾನಿಗಳು ಇದನ್ನು ಜೆಕ್‌ಸ್ಟೈನ್ ಸಮುದ್ರ ಅನ್ನುತ್ತಾರೆ. ಅದರ ತಳದಲ್ಲಿ ಆಮ್ಲಜನಕ ಇರಲಿಲ್ಲ. ಮೇಲೆ ಬದುಕಿದ್ದ ಪಾಚಿ, ಮೀನು ಸತ್ತು ಕೆಳಗೆ ಬಿದ್ದರೆ ಕೊಳೆತು ಮಾಯವಾಗದೆ ಕಪ್ಪು ಕೆಸರಿನಲ್ಲಿ ಹೂತು ಹೋಗುತ್ತಿತ್ತು. ಆ ಕೆಸರೇ ಗಟ್ಟಿಯಾಗಿ ಕುಪ್ಫರ್‌ಷೀಫರ್ ಎಂಬ ಕಪ್ಪು ಪದರಗಲ್ಲು ಆಯಿತು. ಹೋಳಿಗೆಯ ಹೂರಣದ ಹಾಗೆ, ದಪ್ಪ ನೋಡಿದರೆ ಏನೂ ಇಲ್ಲ, ಹೆಚ್ಚಿನ ಕಡೆ 30ರಿಂದ 60 ಸೆಂಟಿಮೀಟರ್. ಹರವು ಮಾತ್ರ ಇಂಗ್ಲೆಂಡಿನಿಂದ ಪೋಲೆಂಡಿನವರೆಗೆ ಸುಮಾರು 6 ಲಕ್ಷ ಚದರ ಕಿಲೋಮೀಟರ್. ಅಂದರೆ ನಮ್ಮ ಕರ್ನಾಟಕದ ಮೂರು ಪಟ್ಟು.

ಆಮೇಲೆ ಆ ಸಮುದ್ರ ಮತ್ತೆ ಮತ್ತೆ ಬತ್ತಿತು. ಕಪ್ಪು ಪದರದ ಮೇಲೆ ಸುಣ್ಣದ ಕಲ್ಲು, ಅದರ ಮೇಲೆ ಜಿಪ್ಸಮ್ ತರದ ಪದರ, ಅದರ ಮೇಲೆ ದಪ್ಪನೆ ಉಪ್ಪು. ಈಗ ಕೆಳಗಿನಿಂದ ನೋಡಿ: ಕೆಂಪು ಮರಳುಗಲ್ಲು, ಕಪ್ಪು ಪದರ, ಮೇಲೆ ಉಪ್ಪಿನ ಮುಚ್ಚಳ. ಕೆಂಪು ಕಲ್ಲಿನ ಸಂದುಗಳಲ್ಲಿ ಬಿಸಿ ಉಪ್ಪುನೀರು ಓಡಾಡಿತು. ಜ್ವಾಲಾಮುಖಿಯ ಪುಡಿಯಲ್ಲಿದ್ದ ಚೂರುಪಾರು ತಾಮ್ರ, ಬೆಳ್ಳಿ, ಸೀಸ, ಸತುವನ್ನು ತೊಳೆದುಕೊಂಡು ಮೇಲೆ ಬಂತು. ಕಪ್ಪು ಪದರದಲ್ಲಿ ಜೈವಿಕ ಇಂಗಾಲವಿತ್ತು, ಗಂಧಕವಿತ್ತು. ನೀರಿನ ಸಾಗಣೆ ಅಲ್ಲಿಗೆ ಮುಗಿಯಿತು, ಲೋಹ ಇಳಿಯಿತು.

ಇಳಿದದ್ದು ಒಟ್ಟಿಗೆ ಅಲ್ಲ, ಸರದಿಯಲ್ಲಿ. ನೀರು ಒಳಗೆ ನುಗ್ಗಿದ ಜಾಗದಲ್ಲಿ ಕಪ್ಪು ಕಲ್ಲೇ ತುಕ್ಕು ಹಿಡಿದು ಕೆಂಪು ಕಲೆ ಕಲೆಯಾಗಿದೆ. ಅಲ್ಲಿ ತಾಮ್ರ ಇಲ್ಲ. ಆ ಕೆಂಪು ಮುಗಿದ ಕೂಡಲೇ ಚಾಲ್ಕೊಸೈಟ್, ಅಂದರೆ ತಾಮ್ರ ಅತಿ ಹೆಚ್ಚಿರುವ ಖನಿಜ. ಮುಂದೆ ತಾಮ್ರ ಅದಕ್ಕಿಂತ ಕಮ್ಮಿ ಇರುವ ಬಾರ್ನೈಟ್. ಮುಂದೆ ಇನ್ನೂ ಕಮ್ಮಿ ಇರುವ ಚಾಲ್ಕೊಪೈರೈಟ್. ಅದರಾಚೆ ಸೀಸ, ಸತು. ಕೊನೆಗೆ ಬರೀ ಪೈರೈಟ್, ಅಂದರೆ ಕಬ್ಬಿಣ ಗಂಧಕ ಸೇರಿದ ಖನಿಜ, ಅದರಿಂದ ಯಾರಿಗೂ ಲಾಭವಿಲ್ಲ. ಬೆಳ್ಳಿ ಹೆಚ್ಚಾಗಿ ಚಾಲ್ಕೊಸೈಟ್ ಮತ್ತು ಬಾರ್ನೈಟ್ ಒಳಗೇ ಅಡಗಿರುತ್ತದೆ, ಕೆಲವು ಕಡೆ ಬಿಡಿ ಬೆಳ್ಳಿಯಾಗಿಯೂ ಸಿಗುತ್ತದೆ. 6 ಲಕ್ಷ ಚದರ ಕಿಲೋಮೀಟರ್‌ನಲ್ಲಿ ಲೆಕ್ಕಕ್ಕೆ ಹಿಡಿಯುವಷ್ಟು ತಾಮ್ರ ಇರುವುದು ನೂರಕ್ಕೆ ಒಂದು ಪಾಲು ಜಾಗದಲ್ಲಿ ಮಾತ್ರ. ಆ ಒಂದು ಪಾಲು ಎಲ್ಲಿದೆ ಅಂದರೆ, ಕೆಂಪು ಮುಗಿದು ಕಪ್ಪು ಶುರುವಾಗುವ ಅಂಚಿನಲ್ಲಿ. ತಾಮ್ರ ಹುಡುಕುವವರು ಇಲ್ಲಿ ಹುಡುಕುವುದು ತಾಮ್ರವನ್ನಲ್ಲ, ಆ ಅಂಚನ್ನು.

ಕಪ್ಪು ಕೆಸರು ಕೂರುವಾಗಲೇ ಸಮುದ್ರದ ನೀರಿನಿಂದಲೇ ತಾಮ್ರವೂ ಕೂತಿತು ಅಂತ ಹಿಂದೆ ಬಹಳ ಜನ ವಾದಿಸುತ್ತಿದ್ದರು. ನನಗೆ ಅದು ಒಪ್ಪಿಗೆಯಿಲ್ಲ. ಕೆಂಪು ಕಲೆಯ ಅಂಚು ಪದರಗಳ ಜೊತೆಜೊತೆಗೆ ಹೋಗುವುದಿಲ್ಲ, ಅಡ್ಡಡ್ಡ ಕತ್ತರಿಸಿಕೊಂಡು ಹೋಗುತ್ತದೆ. ಅದಿರೂ ಅದರ ಹಿಂದೆಯೇ ಮರಳುಗಲ್ಲಿಗೆ ಇಳಿಯುತ್ತದೆ, ಸುಣ್ಣದ ಕಲ್ಲಿಗೆ ಏರುತ್ತದೆ. ಅಂದಮೇಲೆ ಕಲ್ಲು ಮೊದಲು, ಲೋಹ ಆಮೇಲೆ. ಎಷ್ಟು ಆಮೇಲೆ ಅನ್ನುವುದಕ್ಕೆ ಇನ್ನೂ ಜಗಳ ಇದೆ. ಕೆಸರು ಗಟ್ಟಿಯಾಗುತ್ತಿದ್ದಾಗಲೇ ಅನ್ನುವವರಿದ್ದಾರೆ, ಕೋಟ್ಯಂತರ ವರ್ಷ ಕಳೆದ ಮೇಲೆ ಅನ್ನುವವರೂ ಇದ್ದಾರೆ.

ಪ್ರಶ್ನೆ: ಇಷ್ಟು ದೊಡ್ಡ ನಿಕ್ಷೇಪ 1957ರವರೆಗೆ ಯಾರ ಕಣ್ಣಿಗೂ ಬೀಳಲಿಲ್ಲ ಅಂದರೆ ನಂಬುವುದು ಹೇಗೆ? ಜರ್ಮನರು ಅಷ್ಟು ವರ್ಷ ಅಲ್ಲೇ ಇದ್ದರಲ್ಲ? — ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಒಳ್ಳೆ ಪ್ರಶ್ನೆ. ಜರ್ಮನರಿಗೆ ಈ ಕಪ್ಪು ಕಲ್ಲು ಹೊಸದೇನಲ್ಲ. ಮಧ್ಯ ಜರ್ಮನಿಯ ಮಾನ್ಸ್‌ಫೆಲ್ಡ್‌ನಲ್ಲಿ ಸುಮಾರು 1200ನೇ ಇಸವಿಯಿಂದಲೇ ಅಗೆಯುತ್ತಿದ್ದರು. ಲೂಬಿನ್ ಇರುವ ಸೈಲೀಷಿಯಾ ಪ್ರಾಂತ್ಯ 1945ರವರೆಗೆ ಜರ್ಮನಿಯದೇ. ಅಲ್ಲಿ ಬೆಟ್ಟಗಳ ಹತ್ತಿರ, ಕಲ್ಲು ಮೇಲೇ ಕಾಣುವ ಕಡೆ, 1930ರ ದಶಕದಲ್ಲಿ ಅವರು ಗಣಿ ತೋಡಿದ್ದೂ ಉಂಟು. ಅದಿರು ಅಷ್ಟಕ್ಕಷ್ಟೆ. ಬೆಟ್ಟ ಇಳಿದು ಉತ್ತರದ ಬಯಲಿಗೆ ಬಂದರೆ ಕಾಣುವುದು ಹೊಲ, ಕಾಡು, ಮರಳು. ಅದರ ಕೆಳಗೆ ಮುನ್ನೂರು ನಾನೂರು ಮೀಟರ್ ಸಡಿಲ ಮರಳು, ಜೇಡಿ, ನೀರು. ಮೇಲೆ ನಿಂತವನಿಗೆ ತಾಮ್ರದ ಸುಳಿವು ಕೊಡುವ ಒಂದು ಹಸಿರು ಕಲೆಯೂ ಕಾಣಿಸುವುದಿಲ್ಲ.

ಯುದ್ಧ ಮುಗಿದು ಗಡಿ ಸರಿದ ಮೇಲೆ ಪೋಲೆಂಡಿನವರು ಹಳೆ ನಕ್ಷೆಗಳನ್ನು ಬಿಡಿಸಿ ಕೂತರು. ಪ್ರೊಫೆಸರ್ ಯೂಝೆಫ್ ಝ್ವಿಯೆಝಿಟ್ಸ್ಕಿ ಅನ್ನುವವರ ಯೋಚನೆ ಹೀಗಿತ್ತು: ದಕ್ಷಿಣದಲ್ಲಿ ಬೆಟ್ಟದ ಪಕ್ಕ ಜೆಕ್‌ಸ್ಟೈನ್ ಪದರ ಇದೆ, ಮಧ್ಯದಲ್ಲಿ ನೆಲ ಮೇಲೆದ್ದು ಪದರ ಸವೆದು ಹೋಗಿದೆ, ಹಾಗಾದರೆ ಅದರಾಚೆ, ಉತ್ತರದ ಬಯಲಿನ ಕೆಳಗೆ, ಅದೇ ಪದರ ಮತ್ತೆ ಇರಬೇಕು, ಮತ್ತು ಈಶಾನ್ಯಕ್ಕೆ ನಿಧಾನವಾಗಿ ಇಳಿಯುತ್ತಿರಬೇಕು. ಸರಳವಾದ ತರ್ಕ. ಆದರೆ ಪದರ ಇರುವುದು ಬೇರೆ, ಅದರಲ್ಲಿ ತಾಮ್ರ ಇರುವುದು ಬೇರೆ.

ಅದನ್ನು ಕೊರೆದು ನೋಡುವ ಕೆಲಸ ಪೋಲೆಂಡಿನ ಭೂವಿಜ್ಞಾನ ಸಂಸ್ಥೆಯ ಯಾನ್ ವಿಝಿಕೊಫ್‌ಸ್ಕಿ ಪಾಲಿಗೆ ಬಂತು. 1950ರ ದಶಕದ ಪೋಲೆಂಡ್, ಯುದ್ಧದಲ್ಲಿ ಪುಡಿಯಾದ ದೇಶ, ಒಳ್ಳೆ ಯಂತ್ರಗಳಿಲ್ಲ. ಭೂಕಂಪನ ಅಲೆಗಳ ಸರ್ವೆ ಮಾಡಿ ಪದರ ಎಷ್ಟು ಆಳದಲ್ಲಿದೆ ಅಂತ ಅಂದಾಜು ಮಾಡಿಕೊಂಡು, ಅಲ್ಲೊಂದು ಇಲ್ಲೊಂದು ಬೋರ್ ಹಾಕುತ್ತಾ ಹೋದರು. ಮೊದಲಿನ ಬೋರ್‌ಗಳಲ್ಲಿ ಕೈಗೆ ಹತ್ತುವಂಥದ್ದು ಬರಲಿಲ್ಲ. ಇಂಥ ಹೊತ್ತಿನಲ್ಲಿ ದುಡ್ಡು ಕೊಡುವವರು "ಸಾಕು ಬಿಡಿ" ಅನ್ನುವುದು ಎಲ್ಲ ದೇಶದಲ್ಲೂ ಮಾಮೂಲು. ಇವರು ಬಿಡಲಿಲ್ಲ. 1957ರ ಮಾರ್ಚ್ 23ರಂದು ಶೆರೊಶೊವಿತ್ಸೆ ಹಳ್ಳಿಯ ಬೋರ್‌ನಲ್ಲಿ, 650 ಮೀಟರ್ ದಾಟಿದ ಮೇಲೆ, ಶೇ 1.4ರಷ್ಟು ತಾಮ್ರ ಇರುವ ಕಲ್ಲು ಮೇಲೆ ಬಂತು. ಅದೇ ವರ್ಷ ಲೂಬಿನ್ ಕಡೆಯ ಬೋರ್‌ನಲ್ಲೂ ಸಿಕ್ಕಿತು. ಎರಡು ಊರಿನ ನಡುವೆ ಹತ್ತಿಪ್ಪತ್ತು ಕಿಲೋಮೀಟರ್. ಪದರ ಎರಡೂ ಕಡೆ ಅದೇ, ಅದಿರೂ ಅದೇ ಅಂದಾಗ ಎಂಥದ್ದು ಸಿಕ್ಕಿದೆ ಅಂತ ಅವರಿಗೆ ಗೊತ್ತಾಗಿರಬೇಕು. ಇನ್ನೊಂದೆರಡು ವರ್ಷ ಕೊರೆದು 1959ರಲ್ಲಿ ನಿಕ್ಷೇಪದ ಲೆಕ್ಕ ಕೊಟ್ಟರು. ನೂರು ಕೋಟಿ ಟನ್ ಮೀರಿದ ಅದಿರು. 1961ರಲ್ಲಿ ಕೆಜಿಎಚ್‌ಎಂ ಎಂಬ ಸರ್ಕಾರಿ ಗಣಿ ಸಂಸ್ಥೆ ಹುಟ್ಟಿತು.

ಆಮೇಲಿನ ಕಷ್ಟ ಗಣಿಬಾವಿ ತೋಡುವುದು. ನೀರು ತುಂಬಿದ ಮುನ್ನೂರು ಮೀಟರ್ ಮರಳಿನಲ್ಲಿ ಗುಂಡಿ ತೋಡಿದರೆ ನಿಲ್ಲುತ್ತದಾ? ಅವರು ಮಾಡಿದ ಉಪಾಯ ನನಗೆ ಬಹಳ ಇಷ್ಟ. ಬಾವಿ ಬರಬೇಕಾದ ಜಾಗದ ಸುತ್ತ ವೃತ್ತಾಕಾರವಾಗಿ ಬೋರ್ ಹಾಕಿ, ಕೊಳವೆಗಳಲ್ಲಿ ಸೊನ್ನೆಗಿಂತ ಎಷ್ಟೋ ಡಿಗ್ರಿ ಕೆಳಗಿನ ತಂಪು ದ್ರಾವಣ ಹರಿಸಿ, ನೆಲವನ್ನೇ ಹೆಪ್ಪುಗಟ್ಟಿಸಿದರು. ಮಂಜುಗಟ್ಟಿದ ಮರಳಿನ ಗೋಡೆಯೊಳಗೆ ಅಗೆದು, ಒಳಗಿನಿಂದ ಉಕ್ಕು ಕಾಂಕ್ರೀಟ್ ಕಟ್ಟಿಕೊಂಡು ಇಳಿದರು. ಇವತ್ತು ಲೂಬಿನ್, ರುಡ್ನಾ, ಪೋಲ್ಕೊವಿತ್ಸೆ-ಶೆರೊಶೊವಿತ್ಸೆ ಅಂತ ಮೂರು ಗಣಿ. ವರ್ಷಕ್ಕೆ ಸುಮಾರು 3 ಕೋಟಿ ಟನ್ ಅದಿರು, ಅದರಿಂದ 1,200-1,300 ಟನ್ ಬೆಳ್ಳಿ. "ಬೆಳ್ಳಿ ಗಣಿ" ಅನ್ನುವ ಬೋರ್ಡು ಎಲ್ಲೂ ಇಲ್ಲದಿದ್ದರೂ ಜಗತ್ತಿನ ಅತಿ ದೊಡ್ಡ ಬೆಳ್ಳಿ ಗಣಿಗಳ ಪಟ್ಟಿಯಲ್ಲಿ ಮೊದಲ ಸಾಲು ಅವರದೇ.

ಪ್ರಶ್ನೆ: ಮಾನ್ಸ್‌ಫೆಲ್ಡ್ ಗಣಿಯಲ್ಲಿ ಮೀನು ಸಿಗುತ್ತಿತ್ತು ಅಂತ ಎಲ್ಲೋ ಓದಿದ ನೆನಪು. ಸುಮ್ನೆ ಕತೆಯಾ? — ಶಿಕ್ಷಕಿ, ಶಿರಸಿ

ಕತೆಯಲ್ಲ ಮೇಡಂ. ಪ್ಯಾಲಿಯೊನಿಸ್ಕಮ್ ಅನ್ನುವ ಗೇಣುದ್ದದ ಮೀನಿನ ಅಚ್ಚು ಅಲ್ಲಿ ಸಿಗುತ್ತಿತ್ತು. ಕಪ್ಪು ಕಲ್ಲನ್ನು ಪದರ ಪದರವಾಗಿ ಬಿಡಿಸುವಾಗ ಹುರುಪೆ ಸಮೇತ ಸಿಗುವ ಮೀನಿನ ಮೇಲೆ ಕೆಲವೊಮ್ಮೆ ಅದಿರಿನ ಹೊಳಪೂ ಇರುತ್ತಿತ್ತಂತೆ. 1500ರ ದಶಕಗಳಲ್ಲೇ ಪಂಡಿತರು ಇದರ ಬಗ್ಗೆ ಬರೆದಿದ್ದಾರೆ. ಮಾರ್ಟಿನ್ ಲೂಥರ್ ಬೆಳೆದದ್ದು ಇದೇ ಮಾನ್ಸ್‌ಫೆಲ್ಡ್‌ನಲ್ಲಿ. ಅಪ್ಪ ಹನ್ಸ್ ತಾಮ್ರ ಕರಗಿಸುವ ಕುಲುಮೆಗಳ ಯಜಮಾನ.

ಅಲ್ಲಿಯ ಕೆಲಸಗಾರರ ಪಾಡು ಬೇರೆ. ಅದಿರಿನ ದಪ್ಪ ಮೊಣಕಾಲಿನಷ್ಟೂ ಇಲ್ಲದ ಮೇಲೆ ಅದಕ್ಕಿಂತ ಜಾಸ್ತಿ ಕಲ್ಲು ಒಡೆದರೆ ನಷ್ಟ. ಹಾಗಾಗಿ ಅಡ್ಡ ಮಲಗಿ, ಕತ್ತು ಒಂದು ಪಕ್ಕಕ್ಕೆ ತಿರುಗಿಸಿಕೊಂಡು ಕಡಿಯುತ್ತಿದ್ದರು. ಕತ್ತು ಹಾಗೇ ಸೊಟ್ಟಗಾದವರು ಎಷ್ಟೋ ಜನ. 1990ರಲ್ಲಿ ಆ ಭಾಗದ ಕೊನೆಯ ಗಣಿ ಮುಚ್ಚುವ ಹೊತ್ತಿಗೆ ಎಂಟು ಶತಮಾನದಲ್ಲಿ ತೆಗೆದದ್ದು ಸುಮಾರು 26 ಲಕ್ಷ ಟನ್ ತಾಮ್ರ, 14 ಸಾವಿರ ಟನ್ ಬೆಳ್ಳಿ. ನೂರು ಮೀಟರ್ ಮೀರಿದ ತ್ಯಾಜ್ಯದ ಗುಡ್ಡಗಳು ಈಗಲೂ ಬಯಲಿನ ನಡುವೆ ನಿಂತಿವೆ. ಹಳೆ ರಾಶಿಗಳ ಮೇಲೆ ತಾಮ್ರದ ವಿಷ ತಾಳಬಲ್ಲ ಗುಲಾಬಿ ಬಣ್ಣದ ಒಂದು ಪುಟ್ಟ ಹೂಗಿಡ ಬೆಳೆಯುತ್ತದೆ.

ಪ್ರಶ್ನೆ: ಅದಿರಿನಿಂದ ಬೆಳ್ಳಿಯನ್ನು ಬೇರೆ ಮಾಡುವುದು ಹೇಗೆ? ನಮ್ಮ ಅಂಗಡಿಯಲ್ಲಿ ಹಳೆ ಆಭರಣ ಕರಗಿಸುವ ಹಾಗೇನಾ? — ಬೆಳ್ಳಿ ಅಂಗಡಿಯವರು, ಮೈಸೂರು

ಹಿಂದಿನ ಕಾಲದ ವಿಧಾನ ನಿಮಗೆ ಹತ್ತಿರದ್ದು. ಬೆಳ್ಳಿ ಸೇರಿದ ತಾಮ್ರಕ್ಕೆ ಸೀಸ ಬೆರೆಸಿ ಕರಗಿಸಿ ಗಟ್ಟಿ ಮಾಡುತ್ತಿದ್ದರು. ಆಮೇಲೆ ಸೀಸ ಕರಗುವಷ್ಟು, ಆದರೆ ತಾಮ್ರ ಕರಗದಷ್ಟು ಬಿಸಿ ಕೊಟ್ಟರೆ ಸೀಸ ತೊಟ್ಟಿಕ್ಕುತ್ತದೆ, ಬೆಳ್ಳಿಯನ್ನೂ ಜೊತೆಗೆ ಎಳೆದುಕೊಂಡು ಬರುತ್ತದೆ. ಆ ಸೀಸವನ್ನು ಗಾಳಿ ಊದಿ ಸುಟ್ಟರೆ ಬೆಳ್ಳಿ ಉಳಿಯುತ್ತದೆ.

ಈಗ ವಿದ್ಯುತ್ತಿನಿಂದ. ಅದಿರನ್ನು ನುಣ್ಣಗೆ ಅರೆದು, ನೊರೆಯಲ್ಲಿ ತೇಲಿಸಿ, ಸಾಂದ್ರ ಮಾಡಿ, ಕುಲುಮೆಯಲ್ಲಿ ಕರಗಿಸಿ ತಾಮ್ರದ ದಪ್ಪ ಫಲಕ ಎರೆಯುತ್ತಾರೆ. ಆ ಫಲಕವನ್ನು ಆಮ್ಲದ ತೊಟ್ಟಿಯಲ್ಲಿ ಇಳಿಬಿಟ್ಟು ಕರೆಂಟು ಹಾಯಿಸಿದರೆ ತಾಮ್ರ ಕರಗಿ ಆಚೆ ಬದಿಯ ತಗಡಿಗೆ ಹೋಗಿ ಕೂರುತ್ತದೆ. ಬೆಳ್ಳಿ, ಚಿನ್ನ ಕರಗುವುದಿಲ್ಲ, ತೊಟ್ಟಿಯ ತಳಕ್ಕೆ ಕೆಸರಾಗಿ ಬೀಳುತ್ತವೆ. ಪೋಲೆಂಡಿನಲ್ಲಿ ಆ ಕೆಸರೆಲ್ಲ ಗ್ವೊಗುಫ್ ಊರಿನ ಕಾರ್ಖಾನೆಗೆ ಹೋಗಿ ಬೆಳ್ಳಿ ಗಟ್ಟಿಯಾಗುತ್ತದೆ. ಲೆಕ್ಕ ನೋಡಿ: ಒಂದು ಟನ್ ಅದಿರಿನಲ್ಲಿ ತಾಮ್ರ ಸುಮಾರು 15 ಕಿಲೋ, ಬೆಳ್ಳಿ ಸುಮಾರು 50 ಗ್ರಾಂ. ಒಂದು ಜೊತೆ ಕಾಲುಗೆಜ್ಜೆಯಷ್ಟು.

ಬೆಲೆ ಇಷ್ಟು ಏರಿದರೂ ಹೊಸ ಬೆಳ್ಳಿ ಗಣಿ ಯಾಕಿಲ್ಲ ಅಂತಲೂ ನೀವು ಕೇಳಿದ್ದೀರಿ. ಜಗತ್ತಿನ ಬೆಳ್ಳಿಯಲ್ಲಿ ಮುಕ್ಕಾಲು ಪಾಲಿನ ಹತ್ತಿರ ಬರುವುದು ಸೀಸ-ಸತು, ತಾಮ್ರ, ಚಿನ್ನದ ಗಣಿಗಳಿಂದ, ಉಪ ಉತ್ಪನ್ನವಾಗಿ. ನಮ್ಮ ದೇಶದ್ದೂ ಹಾಗೇ, ರಾಜಸ್ಥಾನದ ಸೀಸ-ಸತುವಿನ ಜೊತೆ ಬರುತ್ತದೆ. ಬೆಳ್ಳಿ ಬೆಲೆ ಏರಿತು ಅಂತ ಯಾರೂ ತಾಮ್ರದ ಗಣಿಯ ವೇಗ ಹೆಚ್ಚಿಸುವುದಿಲ್ಲ.

ಪ್ರಶ್ನೆ: ನಮ್ಮ ಇಂಗಳದಾಳದಲ್ಲೂ ತಾಮ್ರದ ಗಣಿ ಇತ್ತು. ಅದೂ ಇದೇ ತರದ್ದಾ? ಮತ್ತೆ ಬಾದಾಮಿ ಕಡೆಯ ಕೆಂಪು ಕಲ್ಲಿನ ಕೆಳಗೆ ಹುಡುಕಬಹುದಲ್ಲ? — ಓದುಗರು, ಚಿತ್ರದುರ್ಗ

ಇಂಗಳದಾಳದ್ದು ಬೇರೆ ಜಾತಿ. ಚಿತ್ರದುರ್ಗದ ಆ ಕಲ್ಲುಗಳಿಗೆ 250 ಕೋಟಿ ವರ್ಷಕ್ಕಿಂತ ಹೆಚ್ಚು ವಯಸ್ಸು. ಜ್ವಾಲಾಮುಖಿ ಕಲ್ಲಿನ ನಡುವೆ ಚಾಲ್ಕೊಪೈರೈಟ್, ಪೈರೈಟ್ ಸೇರಿದ ಅದಿರು. ಅಲ್ಲಿ ಲೂಬಿನ್ ತರದ್ದು ಸಿಗುವ ಸಾಧ್ಯತೆಯೇ ಇಲ್ಲ. ಕಾರಣ ಸ್ವಾರಸ್ಯದ್ದು. ಮರಳು ತುಕ್ಕು ಹಿಡಿದು ಕೆಂಪಾಗಲು ಗಾಳಿಯಲ್ಲಿ ಆಮ್ಲಜನಕ ಬೇಕು. ಆ ಕಾಲದಲ್ಲಿ ಅದು ಇರಲೇ ಇಲ್ಲ. ಕೆಂಪು ಮರಳುಗಲ್ಲೇ ಇಲ್ಲದ ಕಾಲದಲ್ಲಿ ಕೆಂಪು-ಕಪ್ಪಿನ ಅಂಚು ಎಲ್ಲಿಂದ ಬರಬೇಕು?

ಬಾದಾಮಿಯದು ಅದಕ್ಕಿಂತ ಎಷ್ಟೋ ಕಿರಿಯ ಕಲ್ಲು, ಕೆಂಪಾಗಿಯೂ ಇದೆ. ಆದರೆ ಕೆಂಪು ಒಂದೇ ಸಾಲದು. ತೊಳೆದು ತರಲು ತಾಮ್ರ ಬೇಕು, ದಪ್ಪ ಉಪ್ಪು ಬೇಕು, ಲೋಹವನ್ನು ಹಿಡಿದು ನಿಲ್ಲಿಸಲು ಇಂಗಾಲ ತುಂಬಿದ ಕಪ್ಪು ಪದರ ಬೇಕು, ಮೇಲೆ ಮುಚ್ಚಳ ಬೇಕು. ಗುಹೆ ನೋಡಲು ಹೋದಾಗ ಕಲ್ಲು ಕೆಂಪಗಿದೆ ಅಂತ ಆಸೆ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಅಷ್ಟು ಆಳದ ಗಣಿ ಸುರಕ್ಷಿತವಾ? — ಓದುಗರು, ಕೆಜಿಎಫ್

ಕೆಜಿಎಫ್‌ನವರಿಗೆ ನಾನು ಹೇಳಿಕೊಡಬೇಕಾದ್ದು ಇಲ್ಲ. ಕಲ್ಲು ಸಿಡಿಯುವುದು ಅಂದರೇನು ಅಂತ ನಿಮ್ಮ ಊರಿನ ಹಿರಿಯರಿಗೆ ಚೆನ್ನಾಗಿ ಗೊತ್ತು. ಅಲ್ಲೂ ಅದೇ ಕಾಟ. 2016ರ ನವೆಂಬರ್‌ನಲ್ಲಿ ರುಡ್ನಾ ಗಣಿಯಲ್ಲಿ ನೆಲ ನಡುಗಿ ಎಂಟು ಜನ ತೀರಿಕೊಂಡರು. ಸಾವಿರ ಮೀಟರ್ ದಾಟಿದ ಮೇಲೆ ಕಲ್ಲಿನ ಬಿಸಿಯೇ 40 ಡಿಗ್ರಿ ಮೀರುತ್ತದೆ, ತಂಪು ಗಾಳಿ ಊದದೆ ಕೆಲಸ ಆಗುವುದಿಲ್ಲ. ಇನ್ನು ಮೇಲೆ, ಅರೆದ ಕಲ್ಲಿನ ಹೂಳು ತುಂಬುವ ಝೆಲಾಜ್ನಿ ಮೋಸ್ಟ್ ಎಂಬ ಕಟ್ಟೆ ಯುರೋಪಿನಲ್ಲೇ ಅತಿ ದೊಡ್ಡವುಗಳಲ್ಲಿ ಒಂದು. ಅದರ ಕೆಳಗಿನ ಜೇಡಿ ಸ್ವಲ್ಪ ಸ್ವಲ್ಪ ಜಾರುತ್ತದೆ ಅಂತ ಸದಾ ಅಳೆಯುತ್ತಲೇ ಇರುತ್ತಾರೆ.

ಪ್ರಶ್ನೆ: ಆ ಭಾಗದಲ್ಲಿ ಈಗಲೂ ಹೊಸ ಕಂಪನಿಗಳು ಕೊರೆಯುತ್ತಿವೆಯಂತೆ. "ಇಷ್ಟು ಮೀಟರ್‌ಗೆ ಇಷ್ಟು ಶೇಕಡಾ ತಾಮ್ರ" ಅಂತ ಪ್ರಕಟಣೆ ಬರುತ್ತದೆ. ಅದನ್ನು ಓದುವುದು ಹೇಗೆ? ಷೇರು ತೆಗೆದುಕೊಳ್ಳಬಹುದಾ? — ಓದುಗರು, ಬೆಂಗಳೂರು

ಷೇರಿನ ಮಾತು ನನ್ನನ್ನು ಕೇಳಬೇಡಿ. ಓದುವುದು ಹೇಗೆ ಅಂತ ಹೇಳುತ್ತೇನೆ.

ಕೊರೆಯುತ್ತಿರುವುದು ನಿಜ. ಜರ್ಮನಿಯ ಶ್ಪ್ರೆಂಬರ್ಗ್ ಹತ್ತಿರ, ಹಳೆ ಪೂರ್ವ ಜರ್ಮನಿಯವರು ಕೊರೆದು ಬಿಟ್ಟಿದ್ದ ಜಾಗವನ್ನೇ ಮತ್ತೆ ಕೊರೆದಿದ್ದಾರೆ. ಪೋಲೆಂಡಿನ ನೋವಾ ಸುಲ್ ಕಡೆ ಕೆನಡಾ ಮೂಲದ ಬಂಡವಾಳದ ಕಂಪನಿ ಈಗಿನ ಗಣಿಗಳಿಗಿಂತ ಇನ್ನೂ ಆಳಕ್ಕೆ, ಎರಡು ಕಿಲೋಮೀಟರ್ ಆಸುಪಾಸಿಗೆ, ಹೋಗಿದೆ. ಪದರ ಈಶಾನ್ಯಕ್ಕೆ ಇಳಿಯುತ್ತಲೇ ಹೋಗುತ್ತದೆ ಅಂದೆನಲ್ಲ, ಅದರ ಫಲ ಇದು.

ಪ್ರಕಟಣೆಯಲ್ಲಿ ಶೇಕಡಾ ಎಷ್ಟು ಅನ್ನುವುದಕ್ಕಿಂತ ಮೊದಲು ಎಷ್ಟು ದಪ್ಪಕ್ಕೆ ಅಂತ ನೋಡಿ. ಕಪ್ಪು ಪದರದಲ್ಲಿ 40 ಸೆಂಟಿಮೀಟರ್‌ಗೆ ಶೇ 8ರಷ್ಟು ತಾಮ್ರ ಸಿಕ್ಕಿತು ಅಂದುಕೊಳ್ಳಿ. ಕೇಳಿದರೆ ಬಾಯಿ ಬಿಡಬೇಕು. ಆದರೆ ಯಂತ್ರ ಒಳಗೆ ಹೋಗಲು ಕನಿಷ್ಠ 2 ಮೀಟರ್ ಎತ್ತರ ಬೇಕು. ಉಳಿದ 1.6 ಮೀಟರ್‌ನಲ್ಲಿ ಏನೂ ಇಲ್ಲದಿದ್ದರೆ ನೀವು ಮೇಲೆ ತರುವ ಕಲ್ಲಿನಲ್ಲಿ ತಾಮ್ರ ಶೇ 1.6 ಮಾತ್ರ. ಲೂಬಿನ್ ಗೆದ್ದದ್ದೇ ಇಲ್ಲಿ. ಅಲ್ಲಿ ಕಪ್ಪು ಪದರದ ಕೆಳಗಿನ ಬಿಳಿ ಮರಳುಗಲ್ಲಿನಲ್ಲೂ, ಮೇಲಿನ ಡಾಲಮೈಟ್ ಎಂಬ ಸುಣ್ಣದ ಕಲ್ಲಿನ ತರದ ಪದರದಲ್ಲೂ ಅದಿರು ಇದೆ. ಹಾಗಾಗಿ ಮಲಗಿ ಕಡಿಯಬೇಕಿಲ್ಲ, ಗಾಡಿ ಓಡಿಸಬಹುದು.

ಎರಡನೆಯದು, ಕೋರ್‌ನ ಫೋಟೋ ಹಾಕಿದ್ದರೆ ದೊಡ್ಡದು ಮಾಡಿ ನೋಡಿ. ಕೊರೆದು ತೆಗೆದ ಕಲ್ಲಿನ ದಿಂಡುಗಳನ್ನು ಉದ್ದನೆ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿರುತ್ತಾರೆ. ಕೆಳಗಿನ ಸಾಲುಗಳು ಇಟ್ಟಿಗೆ ಕೆಂಪು. ಆಮೇಲೆ ಬೂದು ಬಿಳಿ ಮರಳುಗಲ್ಲು, ಅದರ ಮೇಲೆ ಬಳಪದ ಹಲಗೆಯ ಹಾಗೆ ಚಕ್ಕೆ ಏಳುವ ಕಪ್ಪು. ಉಕ್ಕಿನ ಬೂದು ಬಣ್ಣದ ಎಳೆಗಳು ಕಂಡರೆ ಚಾಲ್ಕೊಸೈಟ್, ನೇರಳೆ-ನೀಲಿ ಮಿರುಗಿದರೆ ಬಾರ್ನೈಟ್. ಬರೀ ತೆಳು ಹಳದಿ ಚುಕ್ಕಿಗಳಿದ್ದರೆ ಪೈರೈಟ್ ಇರಬಹುದು, ಅಂದರೆ ಅವರು ಅಂಚಿನಿಂದ ತುಂಬ ದೂರ ಬಂದಿದ್ದಾರೆ. ಕಪ್ಪು ಪದರದಲ್ಲೇ ಕೆಂಪು ಕಲೆ ಕಂಡರೆ ಅಂಚನ್ನು ದಾಟಿ ಆಚೆ ಹೋಗಿದ್ದಾರೆ. ತಾಮ್ರ ಇಲ್ಲ ಅಂತ ಕೈಬಿಡುವ ಬೋರ್ ಅದಲ್ಲ, ಮುಂದಿನ ಬೋರ್ ಯಾವ ದಿಕ್ಕಿಗೆ ಅಂತ ಹೇಳುವ ಬೋರ್.

ಮೂರನೆಯದು ಆಳ. ಎರಡು ಕಿಲೋಮೀಟರ್ ಅಂದರೆ ಬಿಸಿ, ಕಲ್ಲಿನ ಒತ್ತಡ, ಗಣಿಬಾವಿಯ ಖರ್ಚು ಎಲ್ಲ ಬೇರೆ ಲೆಕ್ಕ. 1957ರಲ್ಲಿ ಸಿಕ್ಕ ಅದಿರಿನ ಮೊದಲ ಗಣಿ ಪೂರ್ತಿ ಶುರುವಾಗಲು 1968 ಬಂತು, ಅದೂ ಸರ್ಕಾರವೇ ಬೆನ್ನಿಗೆ ನಿಂತು. ಪ್ರಕಟಣೆಯಲ್ಲಿ "ಶೀಘ್ರದಲ್ಲೇ ಉತ್ಪಾದನೆ" ಅಂತಿದ್ದರೆ ಆ ಹನ್ನೊಂದು ವರ್ಷ ನೆನಪಿಟ್ಟುಕೊಂಡು ಓದಿ.